ಮೊದಲನೆಯದರಂತೆಯೇ ಇದ್ದ ಕಾರು

"ಗುರುಗಳೇ, ಮುಂದಿನ ತಿಂಗಳಿಂದ ಈ ಮಠದ ಹೊಣೆ ನನ್ನದು. ನಿಮ್ಮ ನಡೆ, ನುಡಿ, ದಿನಚರಿ ಒಂದನ್ನೂ ಬಿಡದೆ ಪಾಲಿಸುತ್ತೇನೆ. ಪರಂಪರೆ ಉಳಿಯಲು ಅಷ್ಟು ಸಾಕೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಅಮೆರಿಕದ ಒಂದು ಕಂಪನಿ ಐವತ್ತು ವರ್ಷಗಳಿಂದ ಒಂದೇ ಹೆಸರಿನ ಕಾರನ್ನು ತಯಾರಿಸುತ್ತಿತ್ತು. ಹೆಸರು ಒಂದೇ, ಕಾರು ಮಾತ್ರ ಒಂದೇ ಆಗಿರಲಿಲ್ಲ. ಮೊದಲನೆಯದು ಉದ್ದವಾಗಿ, ಭಾರವಾಗಿ ಇತ್ತು. ಪೆಟ್ರೋಲಿಗೆ ಅಭಾವ ಬಂದಾಗ ಅದನ್ನು ಗಿಡ್ಡ ಮಾಡಿದರು. ಆಮೇಲೆ ಎಂಜಿನ್ ಬದಲಾಯಿತು. ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದದ್ದು ಮುಂದಿನ ಚಕ್ರಗಳನ್ನು ತಿರುಗಿಸತೊಡಗಿತು. ಪ್ರತಿ ಸಲವೂ ಜನ ಗೊಣಗಿದರು, ಪ್ರತಿ ಸಲವೂ ಕೊಂಡರು. ಕೊನೆಗೆ ಕಂಪನಿಯವರು ಹಳಬರನ್ನು ಮೆಚ್ಚಿಸಲೆಂದು ಮೊದಲನೆಯದರ ಹಾಗೆಯೇ ಕಾಣುವ ಒಂದು ಕಾರನ್ನು ತಂದರು. ಅದೇ ದೀಪ, ಅದೇ ಬಾಗಿಲು, ಅದೇ ಹಸಿರು ಬಣ್ಣ. ಎರಡನೆಯ ವರ್ಷಕ್ಕೆ ಅದನ್ನು ಕೊಳ್ಳುವವರೇ ಇಲ್ಲವಾದರು.

ಅದನ್ನು ರೂಪಿಸಿದ ಎಂಜಿನಿಯರ್‌ಗೆ ಇದು ಅರ್ಥವಾಗಲಿಲ್ಲ. ಒಬ್ಬ ಸೂಲಗಿತ್ತಿ ಮೊದಲಿನಿಂದಲೂ ಆ ಹೆಸರಿನ ಕಾರನ್ನೇ ಕೊಳ್ಳುತ್ತ ಬಂದಿದ್ದಾಳೆ ಎಂದು ಯಾರೋ ಹೇಳಿದರು. ಅವನು ಉತ್ತರದ ಆ ಚಳಿಯ ಊರಿಗೆ ಹುಡುಕಿಕೊಂಡು ಹೋದ. ಆಕೆಯ ಅಂಗಳದಲ್ಲಿ ಹಸಿರು ಕಾರು ನಿಂತಿತ್ತು. ಚಕ್ರಗಳ ಸುತ್ತ ಹುಲ್ಲು ಬೆಳೆದಿತ್ತು.

"ಅಮ್ಮಾ, ಇದು ನಿಮ್ಮ ಮೊದಲ ಕಾರಿನ ಹಾಗೆಯೇ ಇದೆಯಲ್ಲ? ಏನು ಕಡಿಮೆಯಾಯಿತು?" ಎಂದು ಕೇಳಿದ.

"ನೋಡಲು ಹಾಗೆಯೇ ಇದೆ. ತಂದ ದಿನ ನನಗೂ ಕಣ್ಣು ತುಂಬಿ ಬಂದಿತ್ತು," ಎಂದಳು ಆಕೆ. "ಹಿಂದಿನ ಕಾರುಗಳು ನೋಡಲು ಹೇಗೇ ಇರಲಿ, ಎಂಥ ಹಿಮ ಬಿದ್ದರೂ ಬೆಳಗ್ಗೆ ಸ್ಟಾರ್ಟ್ ಆಗುತ್ತಿದ್ದವು. ಇದು ಒಂದು ದಿನ ಆಗಲಿಲ್ಲ. ಪಕ್ಕದ ಮನೆಯವರ ಟ್ರ್ಯಾಕ್ಟರ್ ಹತ್ತಿ ಹೆರಿಗೆಯ ಮನೆಗೆ ತಡವಾಗಿ ತಲುಪಿದೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ."

ಎಂಜಿನಿಯರ್ ಬಾನೆಟ್ ಎತ್ತಿ ಎಂಜಿನ್ ನೋಡಿದ. ಹಿಂತಿರುಗಿದವನು ಹಳೆಯ ನಕ್ಷೆಗಳನ್ನು ಬದಿಗಿಟ್ಟ. ಮುಂದಿನ ಕಾರನ್ನು ಮೂರು ಚಳಿಗಾಲ ಹಿಮದಲ್ಲಿ ನಿಲ್ಲಿಸಿ ಪರೀಕ್ಷಿಸಿದ. ಅದು ಹಿಂದಿನ ಯಾವುದನ್ನೂ ಹೋಲುತ್ತಿರಲಿಲ್ಲ. ಆಕೆಯ ನಂತರ ಆ ಊರಿಗೆ ಬಂದ ಸೂಲಗಿತ್ತಿ ಅದನ್ನೇ ಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. "ಹಾಗಾದರೆ ನಾನು ನಿಮ್ಮಿಂದ ಯಾವುದನ್ನು ಕಲಿಯಬೇಕಿತ್ತು?" ಎಂದ ಶಿಷ್ಯ.

"ನನ್ನ ಹಾಗೆ ಕೆಮ್ಮುವುದನ್ನೂ ಕಲಿತಿದ್ದೀಯ, ಬೆಳಗಿನಿಂದ ಹೊರಗೆ ಕುಳಿತಿರುವ ಆ ಹೆಂಗಸು ಯಾಕೆ ಬಂದಳೆಂದು ಕೇಳಿದೆಯಾ?"