ವಿರುಪಣ್ಣನ ಬೆಕ್ಕೂ ಕಂಡಿಕೆಯಜ್ಜನವರ ಮಡಿಲೂ

ಪೂಜ್ಯ ಶ್ರೀ ಕಂಡಿಕೆಯಜ್ಜನವರು ಮಠ ಕಟ್ಟಿದವರಲ್ಲ, ಪೀಠ ಏರಿದವರಲ್ಲ. ನೇಕಾರರ ಓಣಿಯ ತುದಿಯಲ್ಲಿ ಛಾವಣಿ ಎಂದು ಕರೆಯುವ, ಕೊಟ್ಟಿಗೆಯಂಥ ಒಂದು ಹಳೆಯ ಕಟ್ಟಡವಿತ್ತು. ಒಂದು ಕಾಲಕ್ಕೆ ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಬಣ್ಣಗಾರರು ಬಿಟ್ಟುಹೋದ ಮೇಲೆ ಬಿರುಕು ಬಿಟ್ಟ ತೊಟ್ಟಿಗಳು ಉಳಿದವು, ಗೋಡೆಗಳಲ್ಲಿ ಮೊಣಕಾಲೆತ್ತರದ ನೀಲಿ ಉಳಿಯಿತು. ಅಲ್ಲಿಯೇ ಒಂದು ಗೋಣಿತಟ್ಟಿನ ಮೇಲೆ ಅಜ್ಜನವರ ವಾಸ. ಎದುರಿಗೆ ಒಂದು ರಾಟಿ. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಯನ್ನು ನೇಕಾರರು ಕಂಡಿಕೆ ಎನ್ನುತ್ತಾರಲ್ಲ, ಅಜ್ಜನವರು ಹಗಲೆಲ್ಲ ಅದನ್ನು ಸುತ್ತುತ್ತ ಕೂರುತ್ತಿದ್ದರು. ಮನೆಯಲ್ಲಿ ಬಾಣಂತಿಯಿದ್ದವರು, ಕೈ ನಡುಗುವ ಮುದುಕರು, ಒಂಟಿ ಹೆಂಗಸರು ನೂಲಿನ ಲಡಿ ತಂದು ಅವರ ಮುಂದಿಟ್ಟು ನಮಸ್ಕರಿಸಿ ಹೋಗುವರು. ಬೇರೆ ಮಹಾತ್ಮರ ಮುಂದೆ ಹಣ್ಣುಕಾಯಿ ಇಡುವುದುಂಟು, ಇವರ ಮುಂದೆ ಲಡಿ. ಸಂಜೆಗೆ ಅವರವರ ಕಂಡಿಕೆ ಅವರವರ ಬುಟ್ಟಿಯಲ್ಲಿ ಸಿದ್ಧವಾಗಿರುತ್ತಿತ್ತು. ಮಾತು ಮಾತ್ರ ಬಲು ಅಪರೂಪ.

ಅದೇ ಓಣಿಯ ವಿರುಪಣ್ಣನಿಗೆ ಅಜ್ಜನವರನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಒಳ್ಳೆಯ ನೇಕಾರ, ಕುಪ್ಪಸದ ಖಣ ನೇಯುವುದರಲ್ಲಿ ಪಳಗಿದ ಕೈ. ಆದರೆ ಹೆಂಡತಿ ಅಂಬವ್ವ ಸೋಮವಾರ ಬಂತೆಂದರೆ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಛಾವಣಿಗೆ ಹೊರಟುಬಿಡುವಳು. ಅದು ಅವನಿಗೆ ಅನ್ನದಲ್ಲಿನ ಕಲ್ಲು.

“ಮೊದಲನೇ ರೊಟ್ಟಿ ಅಜ್ಜಗ, ಸೀದ ರೊಟ್ಟಿ ನನಗ. ಚಲೋ ನ್ಯಾಯ ಐತಿ ನಿಂದು.”

“ಮೊದಲನೇ ರೊಟ್ಟೀನ ಸೀಯೂದ್ರೀ, ಹಂಚು ಹದಕ್ಕ ಬಂದಿರೂದಿಲ್ಲ,” ಎನ್ನುವಳು ಅಂಬವ್ವ. “ಅಜ್ಜಾರು ಅದನ್ನ ಬೇಡಿ ತಗೋತಾರ.”

ಅಂಥ ಉತ್ತರದಿಂದ ಅವನ ಹೊಟ್ಟೆಕಿಚ್ಚು ಆರುತ್ತಿರಲಿಲ್ಲ, ಇನ್ನಷ್ಟು ಉರಿಯುತ್ತಿತ್ತು. ಅವನ ಪಾಲಿಗೆ ಇದ್ದದ್ದು ಜರಿ. ಹಳದಿ ಮೈಯ ಮೇಲೆ ಮಿನುಗುವ ಗೆರೆಗಳಿದ್ದ ಬೆಕ್ಕು, ಅದಕ್ಕೇ ಆ ಹೆಸರು. ನೂಲಿಗೆ ಗಂಜಿ ಹಾಕುವ ಮನೆಯಲ್ಲಿ ಇಲಿ ತಪ್ಪಿದ್ದಲ್ಲ. ಹಾಸಿನ, ಅಂದರೆ ಮಗ್ಗದ ಉದ್ದ ಎಳೆಗಳ, ಗಂಜಿ ನೆಕ್ಕಲು ಬಂದು ಎಳೆ ಕಡಿದು ಹೋಗುತ್ತವೆ. ಅದಕ್ಕಾಗಿ ತಂದ ಮರಿ, ಬಂದ ವಾರದಲ್ಲೇ ನೇಕಾರ ಕಾಲು ಇಳಿಬಿಡುವ ಮಗ್ಗದ ಕುಣಿಗಿಳಿದು ಅವನ ಎಡ ಪಾದದ ಮೇಲೆ ಮಲಗಿತು. ನೇಯುವಾಗ ತುಳಿಯುವ ಹಲಗೆ ಬಲಗಾಲಿನದು, ಎಡಗಾಲು ಬೆಕ್ಕಿನದು ಎಂದು ಅವರಿಬ್ಬರಲ್ಲಿ ಒಪ್ಪಂದವೇ ಆಗಿಹೋಗಿತ್ತು. ಅಂಬವ್ವ ಬೆಕ್ಕನ್ನು ಕಂಡರೆ ಹಾಲಿನ ಗಡಿಗೆಗೆ ಕಲ್ಲು ಹೇರಿ, ಕಸಬರಿಗೆ ಎತ್ತುತ್ತಿದ್ದಳು. ಅದೂ ಅವನಿಗೆ ಸಮಾಧಾನವೇ. “ನಿನಗ ನಿಮ್ಮ ಅಜ್ಜ, ನನಗ ನನ್ನ ಜರಿ,” ಎಂದು ನಗುತ್ತಿದ್ದ.

ಪಂಚಮಿ ಹಬ್ಬದ ಮುಂಚಿನ ದಿನಗಳು. ತವರಿಗೆ ಬರುವ ಹೆಣ್ಣುಮಕ್ಕಳಿಗೆಲ್ಲ ಖಣ ಬೇಕು, ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿರಲಿಲ್ಲ. ವಿರುಪಣ್ಣ ಊಟಕ್ಕೆ ಎದ್ದವನು ಕೈ ತೊಳೆದು ಅವಸರದಲ್ಲಿ ಬಂದು ಕೂತ. ಅವನಿಲ್ಲದ ಹೊತ್ತಿನಲ್ಲಿ ಬೆಕ್ಕು ತಂಪು ಹುಡುಕಿಕೊಂಡು ಹಲಗೆಯ ಕೆಳಗೆ ಸರಿದಿತ್ತು. ಅವನು ಬಗ್ಗಿ ನೋಡಲಿಲ್ಲ. ತುಳಿದ.

ಆ ಕೂಗು ಕೇಳಿ ಅಕ್ಕಪಕ್ಕದ ಮಗ್ಗಗಳೂ ನಿಂತವು. ವಿರುಪಣ್ಣ ಕುಣಿಯಿಂದ ಮೇಲೆ ಹಾರಿ, ಅಂಗಳಕ್ಕೆ ಓಡಿ, ಗೋಡೆಗೆ ಮುಖ ಮಾಡಿ ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟ. ಕುಣಿಗೆ ಇಳಿದವಳು ಅಂಬವ್ವ. ಹಿಂಗಾಲು ಮುರಿದು ಜೋತುಬಿದ್ದಿತ್ತು, ಬಾಯಲ್ಲಿ ನೊರೆ. ನೋವಿಗೆ ಅದು ಅವಳ ಮುಂಗೈ ಕಚ್ಚಿ ಹಿಡಿಯಿತು. ಕಚ್ಚಿಸಿಕೊಂಡೇ ಸೆರಗಿನಲ್ಲಿ ಸುತ್ತಿ ಛಾವಣಿಗೆ ಓಡಿದಳು.

ಅಜ್ಜನವರು ರಾಟಿ ನಿಲ್ಲಿಸಿದರು. ಹಗಲಿನಲ್ಲಿ ಅವರು ರಾಟಿ ನಿಲ್ಲಿಸಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮಗ್ಗದ ಎಳೆಗಳನ್ನು ಬಾಚಣಿಗೆಯಂತೆ ಬಿಡಿಯಾಗಿ ಹಿಡಿಯುವ, ಮುರಿದ ಹಳೆಯ ಹಣಿಗೆಯೊಂದರ ಬಿದಿರು ಕಡ್ಡಿಗಳನ್ನು ಬಿಡಿಸಿ, ಕಾಲನ್ನು ನೇರ ಮಾಡಿ, ನೂಲಿನ ಗಂಜಿಯಲ್ಲಿ ಅದ್ದಿದ ಪಟ್ಟಿಯಿಂದ ಸುತ್ತು ಸುತ್ತಾಗಿ ಬಿಗಿದರು. ಗಂಜಿ ಒಣಗಿದಂತೆ ಪಟ್ಟಿ ಕಟ್ಟಿಗೆಯಷ್ಟು ಗಟ್ಟಿಯಾಯಿತು. “ಉಳೀತೈತೇನ್ರೀ ಅಜ್ಜಾರ?” ಎಂದು ಅಂಬವ್ವ ಕೇಳಿದರೆ, ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅವಳ ಕೈಗಿತ್ತರು. ಅಷ್ಟೇ ಉತ್ತರ.

ಅಂದಿನಿಂದ ಅಂಬವ್ವನ ದಿನ ಬದಲಾಯಿತು. ಕಸಬರಿಗೆ ಎತ್ತುತ್ತಿದ್ದ ಕೈ ಬತ್ತಿಯಿಂದ ಹಾಲು ಹಿಂಡುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ತನ್ನ ಮದುವೆಯ ಕಾಲದ ಕೌದಿಯನ್ನೇ ಮಡಚಿ ಹಾಸಿದಳು. ಬೆಳಿಗ್ಗೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಛಾವಣಿಗೆ ಒಯ್ಯುವಳು, ಅಜ್ಜನವರು ಪಟ್ಟಿ ನೋಡಿ ಮಡಿಲಲ್ಲಿ ಮಲಗಿಸಿಕೊಂಡು ಕಂಡಿಕೆ ಸುತ್ತುವರು, ಸಂಜೆಗೆ ಬುಟ್ಟಿ ಮನೆಗೆ ಬರುವುದು. ವಿರುಪಣ್ಣ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಂತು, ಹಾದಿಹೋಕನಂತೆ, “ಐತೇನ?” ಎಂದು ಕೇಳುವನು.

“ಐತಿ. ಬಂದು ನೋಡ್ರಿ.”

“ನೋಡಿ ನಾ ಏನು ಮಾಡ್ಲಿ? ನಾ ಏನು ವೈದ್ಯ ಏನ?”

ಬೆಕ್ಕು ಉಳಿಯಿತು. ತಲೆ ಎತ್ತಿತು, ಮೈ ನೆಕ್ಕಿಕೊಂಡಿತು, ಒಂದು ದಿನ ಮೂರು ಕಾಲಿನಲ್ಲಿ ಕುಂಟುತ್ತ ಅಂಬವ್ವನ ಹಿಂದೆ ಹಿತ್ತಲಿಗೆ ಹೋಯಿತು. ವಿರುಪಣ್ಣನಿಗೆ ಹಿಗ್ಗಾಗಬೇಕಿತ್ತು. ಆದರೆ ಅಂಬವ್ವ ಕೂತಲ್ಲಿ ಅದು, ಎದ್ದಲ್ಲಿ ಅದು. ಅದರ ಕಿವಿಯ ಹತ್ತಿರ ಬಾಯಿಟ್ಟು ಅವಳು ಏನೋ ಪಿಸುಗುಟ್ಟುವಳು, ಅದು ಕಣ್ಣು ಮುಚ್ಚಿ ಕೇಳುವುದು. ಅಷ್ಟು ಮೆತ್ತಗಿನ ದನಿ ಅವಳಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕು, ಬೆಕ್ಕಿನ ಮೇಲೋ ಹೆಂಡತಿಯ ಮೇಲೋ ಎಂದು ತಿಳಿಯದೆ ಇಬ್ಬರ ಮೇಲೂ ಪಟ್ಟ. ಒಮ್ಮೊಮ್ಮೆ ಬೆಕ್ಕು ಮಗ್ಗದ ಕುಣಿಯ ಅಂಚಿಗೆ ಬಂದು ಮೂಗು ಚಾಚುತ್ತಿತ್ತು. ಆ ಮುರಿದ ಕಾಲು ಕಂಡೊಡನೆ ವಿರುಪಣ್ಣನ ಎಡಗಾಲು ಕೆಂಡ ತಾಗಿದಂತೆ ಸರ್ರನೆ ಮೇಲೇರುತ್ತಿತ್ತು. ಬೆಕ್ಕು ಒಂದು ಗಳಿಗೆ ನಿಂತು, ತಿರುಗಿ ಹೊರಟುಹೋಗುವುದು. ‘ನೋಡು, ನನ್ನ ಮಾರಿ ಸೈತ ಬ್ಯಾಡಾಗೈತಿ ಇದಕ್ಕ,’ ಎಂದುಕೊಳ್ಳುವನು.

ಎದುರುಮನೆಯ ಕಾಶಪ್ಪ ಬೇರೆ ಉಪ್ಪು ಹಾಕಿದ. “ಏನಪಾ ವಿರುಪಣ್ಣ, ಹೋದ ವಾರ ಹೇಣ್ತಿ ಅಜ್ಜಾರ ಕಡೆ, ಈ ವಾರ ಬೆಕ್ಕೂ ಅಜ್ಜಾರ ಕಡೆ! ಮುಂದಿನ ವಾರ ಮಗ್ಗಾನೂ ಎದ್ದು ಅಲ್ಲಿಗೇ ಹೋಗ್ತದೇನ ನೋಡ್ಕೋ.”

ಓಣಿ ನಕ್ಕಿತು. ವಿರುಪಣ್ಣನೂ ನಕ್ಕಂತೆ ಮಾಡಿದ. ಒಳಗೆ ಬಂದರೆ, ಅಡುಗೆಮನೆಯಲ್ಲಿ ಜರಿ ಅಂಬವ್ವನ ಅಂಗೈಯಿಂದ ಕೆನೆ ನೆಕ್ಕುತ್ತಿದೆ. ಅದೂ ಗಡಿಗೆಯ ಮೇಲಿನ ಕೆನೆ, ಅವನಿಗೆ ಹಬ್ಬಕ್ಕೊಮ್ಮೆ ಸಿಗುವಂಥದು. ಅವನ ಕಣ್ಣು ಕತ್ತಲೆಗಟ್ಟಿತು. ನೇರ ಮಗ್ಗಕ್ಕೆ ಹೋಗಿ ಕತ್ತರಿ ಹಿಡಿದು, ಅರ್ಧ ನೇಯ್ದ ಹಾಸನ್ನು ಕಚಕಚನೆ ಕತ್ತರಿಸಿ, ಹಣಿಗೆಯಲ್ಲಿ ಒಂದು ಎಳೆಯೂ ಉಳಿಯದಂತೆ ಎಳೆದು ಬಿಸಾಡಿದ.

ನೇಕಾರಿಕೆ ಬಲ್ಲವರಿಗೆ ಇದು ಎಂಥ ಕೆಲಸವೆಂದು ಹೇಳಬೇಕಿಲ್ಲ, ಅರಿಯದವರಿಗೆ ಹೇಳುತ್ತೇನೆ. ಎಷ್ಟೇ ಸಿಟ್ಟಿದ್ದರೂ ನೇಕಾರ ಹಳೆಯ ಹಾಸನ್ನು ಪೂರ್ತಿ ತೆಗೆಯುವುದಿಲ್ಲ. ಹಣಿಗೆಯಲ್ಲಿ ಗೇಣುದ್ದ ಬಿಟ್ಟಿರುತ್ತಾನೆ. ಹೊಸ ಹಾಸು ಬಂದಾಗ ಆ ಹಳೆಯ ತುದಿಗೆ ಹೊಸ ಎಳೆಯನ್ನು ಬೂದಿ ಹಚ್ಚಿ ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯದು ಕೈಹಿಡಿದು ಹೊಸದನ್ನು ಒಳಗೆ ಕರೆತರುತ್ತದೆ. ಅದಿಲ್ಲವಾದರೆ ಸಾವಿರಾರು ಎಳೆಗಳನ್ನು ಹಣಿಗೆಯ ಸಂದುಗಳಲ್ಲಿ ಒಂದೊಂದಾಗಿ ಸೇದಬೇಕು. ಅದು ಒಬ್ಬರ ಕೆಲಸವೂ ಅಲ್ಲ. ಆಚೆಯಿಂದ ಒಬ್ಬರು ಎಳೆ ಕೊಡಬೇಕು, ಈಚೆಯಿಂದ ಒಬ್ಬರು ಎಳೆದುಕೊಳ್ಳಬೇಕು. ಆಚೆ ಕೂರುತ್ತಿದ್ದವಳು ಅಂಬವ್ವ. ಆ ಗಳಿಗೆಯಿಂದ ಅವಳೊಡನೆ ಅವನು ಮಾತು ಬಿಟ್ಟ.

ಮರುದಿನ ಬೆಳಿಗ್ಗೆ ಅವನು ಛಾವಣಿಗೆ ನುಗ್ಗಿದ. ಅಜ್ಜನವರು ಕಂಡಿಕೆ ಸುತ್ತುತ್ತಿದ್ದರು. ಮಡಿಲಲ್ಲಿ ಜರಿ. ರಾಟಿಯ ಗುಂಯ್‌ಗುಟ್ಟುವಿಕೆಗೆ ಬೆಕ್ಕಿನ ಗುರುಗುಟ್ಟುವಿಕೆ ಕೂಡಿತ್ತು.

“ಅಜ್ಜಾರ, ನನ್ನ ಬೆಕ್ಕು ನನಗ ಕೊಡ್ರಿ!” ಎಂದು ಕೂಗಿದ. “ಹೇಣ್ತಿ ಮನಸು ಇಲ್ಲೇ ಬಿಟ್ಟು ಬರ್ತಾಳ, ಸುಮ್ಮನಿದ್ನಿ. ಒಂದು ಬೆಕ್ಕು ಇತ್ತು ನನಗ ಅಂತ. ಅದನ್ನೂ ತಗೊಂಡ್ರಿ. ನಿಮಗ ಓಣಿ ತುಂಬ ಮಂದಿ ಅದಾರ. ನನಗ ಯಾರದಾರ?”

ಅಲ್ಲಿದ್ದ ಹೆಂಗಸರು ಹೌಹಾರಿದರು. ಅಜ್ಜನವರ ಮುಖದಲ್ಲಿ ಏನೂ ಕಾಣಲಿಲ್ಲ. ಅವರ ದೃಷ್ಟಿ ವಿರುಪಣ್ಣನ ಹೆಗಲ ಮೇಲಿತ್ತು. ಅಲ್ಲಿ ಕತ್ತರಿಸಿದ ಕೆಂಪು ಎಳೆಗಳು ಅಂಟಿದ್ದವು.

“ಕೆಚ್ಚಾಕ ಗೇಣು ಬಿಟ್ಟೀಯೇನ?” ಎಂದು ಕೇಳಿದರು.

ವಿರುಪಣ್ಣ ತಲೆ ತಗ್ಗಿಸಿದ.

“ನಡಿ,” ಎಂದು ಅಜ್ಜನವರು ಎದ್ದರು.

ಯಾರ ಮನೆಯ ಹೊಸ್ತಿಲನ್ನೂ ತುಳಿಯದ ಆ ಮಹಾನುಭಾವರು ಓಣಿಯುದ್ದಕ್ಕೂ ನಡೆದುಬಂದರು. ಜನ ಬಾಗಿಲಿಗೆ ಬಂದು ಕೈಮುಗಿದು ನಿಂತರು. ಹಿಂದೆ ಕಳ್ಳನಂತೆ ವಿರುಪಣ್ಣ. ಅವನ ಹಿಂದೆ, ದೂರದಲ್ಲಿ, ಕುಂಟುತ್ತ ಜರಿ. ಅಜ್ಜನವರು ನೇರವಾಗಿ ಮಗ್ಗದ ಆಚೆ ಬದಿಗೆ ಹೋಗಿ, ಬರಿನೆಲದ ಮೇಲೆ, ಅಂಬವ್ವ ಕೂರುವ ಜಾಗದಲ್ಲೇ ಕೂತು ಕತ್ತರಿಗೆ ಸಿಗದೆ ಆಚೆ ಉಳಿದಿದ್ದ ಹಾಸಿನ ಮೊದಲ ಎಳೆ ಹಿಡಿದು ಹಣಿಗೆಯ ಸಂದಿಗೆ ಚಾಚಿದರು.

“ಅಜ್ಜಾರ, ನೀವು... ಬ್ಯಾಡ್ರೀ...” ಎಂದ ವಿರುಪಣ್ಣ.

ಎಳೆ ಹಾಗೆಯೇ ಚಾಚಿಕೊಂಡಿತ್ತು. ಅವನು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ, ಎಳೆ ಎಳೆದುಕೊಂಡ. ಇನ್ನೊಂದು ಬಂತು. ಇನ್ನೊಂದು. ಬಾಗಿಲಲ್ಲಿ ಅಂಬವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಚೆಯ ಬೆರಳು ಕೊಡುತ್ತಿತ್ತು, ಈಚೆಯ ಬೆರಳು ಪಡೆಯುತ್ತಿತ್ತು. ಕೊಡುವ ಬೆರಳಿನಲ್ಲಿ ನನ್ನದು ನಿನ್ನದೆಂಬ ತಡವರಿಕೆಯೇ ಇರಲಿಲ್ಲ. ಅದನ್ನು ನೋಡುನೋಡುತ್ತ ವಿರುಪಣ್ಣನ ಉಸಿರು ಹಗುರವಾಯಿತು.

ಆಗ ಬೆಕ್ಕು ಬಂತು. ಕುಣಿಯ ಅಂಚಿನಲ್ಲಿ ನಿಂತಿತು. ಗಟ್ಟಿಯಾದ ಪಟ್ಟಿ ನೆಲಕ್ಕೆ ಟಕ್ಕೆಂದಿತು. ಮೆಲ್ಲಗೆ ಒಂದು ಮೆಟ್ಟಿಲು ಇಳಿದು ಅವನ ಎಡ ಪಾದಕ್ಕೆ ಮೂಗು ತಾಗಿಸಿತು. ಅವನ ಕಾಲು ಎಂದಿನಂತೆ ಸರ್ರನೆ ಮೇಲೇರಿತು.

“ಕಾಲು ತಗೀಬ್ಯಾಡ,” ಎಂದರು ಅಜ್ಜನವರು.

ಎಳೆ ಹಿಡಿದ ಅವನ ಕೈ ಅಲ್ಲೇ ನಿಂತಿತು.

“ಅದು ನಿನ್ನ ಬಿಟ್ಟಿಲ್ಲೋ ವಿರುಪಣ್ಣಾ. ದಿನಾ ಬಂದೈತಿ. ಕಾಲು ತಗದಾಂವ ನೀನು.”

ವಿರುಪಣ್ಣ ಹಣಿಗೆಗೆ ಹಣೆ ಹಚ್ಚಿದ. ಪಂಚಮಿಯ ಮುಂಚೆ ಅಂಗಳದ ಗೋಡೆಗೆ ಮುಖ ಮಾಡಿ ನಿಂತವನು ಮನಸ್ಸಿನಲ್ಲಿ ಅಂದಿನಿಂದ ಅಲ್ಲಿಯೇ ನಿಂತಿದ್ದ, ಈಗ ತಿರುಗಿದ. ಹೆಗಲು ಅಲುಗುವ ಹಾಗೆ ಅತ್ತ. ಕಾಲನ್ನು ಮಾತ್ರ ಕೆಳಗಿಳಿಸಿ ಅಲುಗದಂತೆ ಇಟ್ಟಿದ್ದ. ಬೆಕ್ಕು ಆ ಕಾಲನ್ನು ಮೂಸಿತು, ಒಂದು ಸುತ್ತು ಸುತ್ತಿತು, ಪಟ್ಟಿ ಕಟ್ಟಿದ ತನ್ನ ಕಾಲನ್ನು ಕಷ್ಟದಿಂದ ಚಾಚಿ, ಹಳೆಯ ಜಾಗದಲ್ಲಿ ತನ್ನ ಭಾರವನ್ನೆಲ್ಲ ಇಳಿಸಿತು.

ಅಜ್ಜನವರು ಎದ್ದುನಿಂತರು. “ಯವ್ವಾ, ನನಗ ಕಣ್ಣು ಮಬ್ಬು. ನೀ ಕೂಡ್ರು,” ಎಂದು ಅಂಬವ್ವನಿಗೆ ಜಾಗ ಬಿಟ್ಟು, ತಿರುಗಿಯೂ ನೋಡದೆ ಹೊರಟುಹೋದರು. ಕೂದಲೆಳೆಯಂಥ ನೂಲನ್ನು ಮುಸ್ಸಂಜೆಯಲ್ಲೂ ತಪ್ಪದೆ ಸುತ್ತುತ್ತಿದ್ದ ಕಣ್ಣು ಅವರದು!

ಗಂಡಹೆಂಡಿರು ಬಹಳ ಹೊತ್ತು ಎಳೆ ಸೇದಿದರು. ಕೊನೆಗೆ ವಿರುಪಣ್ಣ ತಲೆ ಎತ್ತದೆ ಕೇಳಿದ: “ಅದರ ಕಿವ್ಯಾಗ ದಿನಾ ಏನು ಹೇಳ್ತಿದ್ದಿ?”

“ಏನು ಹೇಳ್ಲಿ? ‘ನಿನ್ನ ಮಾಲಕ ಬಾಳ ಅಂಜುಬುರುಕ, ತುಸು ತಡಕೋ, ಬರ್ತಾನ’ ಅಂತ ಹೇಳ್ತಿದ್ನಿ.”

ಎಳೆ ಬಂತು, ಎಳೆದುಕೊಂಡ.

ಮುಂದಿನ ಸೋಮವಾರ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಛಾವಣಿಗೆ ಹೋದವನು ವಿರುಪಣ್ಣ. ಮೊದಲನೆಯ, ಸೀದ ರೊಟ್ಟಿಯನ್ನೇ ಕೇಳಿ ಇಸಿದುಕೊಂಡಿದ್ದ. ಹಗಲಿನ ನೇಯ್ಗೆ ಮುಗಿದ ಮೇಲೆ ಅಜ್ಜನವರ ಪಕ್ಕದಲ್ಲಿ ಇನ್ನೊಂದು ರಾಟಿ ಇಟ್ಟು, ಕೈ ನಡುಗುವ ಮುದುಕರ ಪಾಲಿನ ಕಂಡಿಕೆ ಸುತ್ತುವುದನ್ನು ಅವನು ಕೊನೆಯವರೆಗೂ ನಡೆಸಿಕೊಂಡು ಬಂದ. ಜರಿ ಒಮ್ಮೆ ಇವನ ಮಡಿಲು, ಒಮ್ಮೆ ಅಜ್ಜನವರ ಮಡಿಲು, ಮನೆಗೆ ಹೋದರೆ ಅಂಬವ್ವನ ಕೌದಿ ಎಂದು ಕುಂಟುತ್ತ ಓಡಾಡಿಕೊಂಡಿತ್ತು. ಅದು ಎಲ್ಲಿ ಮಲಗಿದರೂ ವಿರುಪಣ್ಣನಿಗೆ ನಿದ್ದೆ ಬರುತ್ತಿತ್ತು.

ಮಗ್ಗಕ್ಕೆ ಕೂರುವ ಮುಂಚೆ ಅವನು ಕುಣಿಗೆ ಬಗ್ಗಿ, “ಅದೀಯೇನ?” ಎಂದು ಕೇಳುವ ರೂಢಿ ಮಾಡಿಕೊಂಡ. ಜರಿ ಕಾಲವಾಗಿ ವರ್ಷಗಳಾದ ಮೇಲೂ ಬಗ್ಗಿ ನೋಡುವುದನ್ನು ಬಿಡಲಿಲ್ಲ.

“ಬೆಕ್ಕು ಹೋಗಿ ಯಾವ ಕಾಲ ಆತೋ ಮಾರಾಯಾ, ಇನ್ನ ಯಾರನ್ನ ನೋಡ್ತಿ ಅಲ್ಲಿ?” ಎಂದು ಕಾಶಪ್ಪ ಕೇಳಿದರೆ, ವಿರುಪಣ್ಣ ಛಾವಣಿಯ ಕಡೆ ಒಮ್ಮೆ ಕೈಮುಗಿದು ಹೇಳುತ್ತಿದ್ದ:

“ನನ್ನ ಕಾಲು ಎಲ್ಲೈತಿ ಅಂತ ನೋಡ್ಕೋತೀನಪಾ.”