ವಸ್ತ್ರದ ಕೆಳಗಿನ ಕೈ

“ಗುರುಗಳೇ, ನಿನ್ನೆ ವಾದದಲ್ಲಿ ನನ್ನ ಗೆಳೆಯನ ಬಾಯಿ ಮುಚ್ಚಿಸಿದೆ. ಅವನು ಒಂದು ಮಾತೂ ಎದುರಾಡಲಿಲ್ಲ. ಅಂದಮೇಲೆ ನನ್ನ ಮಾತು ಒಪ್ಪಿದ ಹಾಗೆಯೇ ತಾನೆ? ಹಾಗಿದ್ದರೆ ಅವನು ಬೆಳಗಾಗುವುದರೊಳಗೆ ನನಗೆ ಹೇಳದೆ ಮಠ ಬಿಟ್ಟು ಹೋದದ್ದೇಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಕತೆಯೊಂದನ್ನು ಹೇಳಿದರು.

ಒಬ್ಬ ದನದ ವ್ಯಾಪಾರಿ ಇದ್ದ. ಅವನ ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವ ರೂಢಿಯಿಲ್ಲ. ಕೊಳ್ಳುವವನೂ ಮಾರುವವನೂ ಹೆಗಲ ವಸ್ತ್ರದ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಬೆಲೆ ತಿಳಿಸಬೇಕು. ಒಪ್ಪದವನು ಕೈ ಹಿಂದಕ್ಕೆ ತೆಗೆಯುತ್ತಾನೆ. ತೆಗೆಯದೆ ಸುಮ್ಮನೆ ನಿಂತನೋ, ವ್ಯಾಪಾರ ಕುದುರಿತು. ಈ ಕಟ್ಟಳೆಯಿಂದ ವ್ಯಾಪಾರಿ ಎಂದೂ ಕೈಸುಟ್ಟುಕೊಂಡವನಲ್ಲ. ಅದನ್ನೇ ಮನೆಗೂ ತಂದ.

“ಸಂತೆಯ ಊರಿಗೇ ಹೋಗಿ ನೆಲೆಸಿಬಿಡೋಣ, ಏನಂತೀಯೇ?” ಎಂದು ಹೆಂಡತಿಯನ್ನು ಕೇಳಿದ. ಅವಳ ತವರು ಇದ್ದದ್ದು ಪಕ್ಕದ ಬೀದಿಯಲ್ಲಿ. ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು. ಅವನು ಗಾಡಿಗೆ ಸಾಮಾನು ಹೇರಿಸಿದ. ಮಗಳಿಗೆ ದೂರದೂರಿನ ಗಂಡು ಗೊತ್ತುಮಾಡುವಾಗಲೂ ಕೇಳಿದ. ಕೇಳದೆ ಅವನು ಯಾವುದನ್ನೂ ಮಾಡಲಿಲ್ಲ. ಬೇಡ ಎಂದು ಅವಳೂ ಅನ್ನಲಿಲ್ಲ. ‘ನಮ್ಮ ಮನೆಯಲ್ಲಿ ಜಗಳ ಅನ್ನೋದೇ ಇಲ್ಲ ನೋಡ್ರಪ್ಪಾ’ ಎಂದು ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಮಗಳು ಗಂಡನ ಮನೆ ಸೇರಿದ ಮೇಲೆ, ತವರಿಗೆಂದು ಹೋದ ಹೆಂಡತಿ ಹಿಂದಿರುಗಲಿಲ್ಲ. ವ್ಯಾಪಾರಿ ಕರೆತರಲು ಹೋದ.

“ಎಲ್ಲದಕ್ಕೂ ನೀನೇ ಒಪ್ಪಿದ್ದೆಯಲ್ಲೇ! ಒಂದು ದಿನವಾದರೂ ಬೇಡ ಅಂದಿದ್ದೀಯಾ?”

“ಇಲ್ಲ. ನಿಮ್ಮ ಸಂತೆಯಲ್ಲಿ ಎತ್ತೂ ಬೇಡ ಅನ್ನೋದಿಲ್ಲ. ಎತ್ತು ಒಪ್ಪಿತು ಅಂತ ಯಾರಾದರೂ ಅಂತಾರಾ?”

ಎಂಥೆಂಥ ಚೌಕಾಸಿಯನ್ನೋ ಕಂಡವನು, ಮಾತು ಬಿಟ್ಟು ಅವಳ ಕೈ ಹಿಡಿಯಲು ಹೋದ. ಅವಳು ಕೈ ಹಿಂದಕ್ಕೆ ತೆಗೆದಳು. ಅದರ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಬ್ಬನೇ ಮನೆಗೆ ಬಂದ. ಒಲೆ ಹೊತ್ತಿಸಿ ಏನೋ ಬೇಯಿಸಿದ. ಇಳಿಸಿದ ಮೇಲೆ, ಹಳೆಯ ಅಭ್ಯಾಸ ಬಿಡದೆ, “ಉಣ್ಣೋಣವಾ?” ಎಂದ.

ಯಾರೂ ಬೇಡ ಎನ್ನಲಿಲ್ಲ.

ಕತೆ ನಿಂತಿತು. ಶಿಷ್ಯ ಗೆಳೆಯನ ಖಾಲಿ ಚಾಪೆಯ ಕಡೆ ನೋಡಿದ. ಬಾಯಿ ತೆರೆಯಲಿಲ್ಲ. ಗುರುಗಳು ತುಸು ಹೊತ್ತು ಕಾದು, ಎದ್ದು ನಿಂತು ಕೇಳಿದರು:

“ಈಗ ನೀನು ಒಪ್ಪಿದೆ ಅಂದುಕೊಳ್ಳಲೇನಪ್ಪಾ?”