ಬಾನೆಟ್ಟಿನ ಎರಡು ಕೀಲು

"ಬುದ್ಧಿ, ಹೊಳಪು ಹೋದ ಮೇಲೂ ಒಂದು ವಸ್ತುವನ್ನ ಇದ್ದ ಜಾಗದಲ್ಲೇ ಇಟ್ಕೋಬೇಕಾ, ಇಲ್ಲ ತೆಗೆದು ಬೇರೆ ಕಡೆ ಇಡಬಹುದಾ?"

ಮಠದ ಜಗಲಿಯಲ್ಲಿ ಕುಳಿತು ಶಂಭುಲಿಂಗ ಗುರುಗಳನ್ನು ಹೀಗೆ ಕೇಳಿದ. ಬಾಯಲ್ಲಿ ಬಂದದ್ದು ವಸ್ತು. ಮನಸ್ಸಿನಲ್ಲಿದ್ದದ್ದು ಅಕ್ಕ ಚೆನ್ನಾಜಮ್ಮ.

ತಾಯಿ ತೀರಿಕೊಂಡಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನಾರು. ತಮ್ಮನನ್ನು ಜೊತೆಗೆ ಕರೆತರಬಾರದು ಎಂದ ಗಂಡಿನ ಕಡೆಯವರಿಗೆ ಅವಳು ತಾಂಬೂಲ ಹಿಂದಿರುಗಿಸಿದಳು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಸೇರಿ, ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕುತ್ತ ಮೂವತ್ತೈದು ವರ್ಷ ಕಳೆದಳು. ತಮ್ಮ ಓದಿದ, ಮಠದ ಕಾಲೇಜಿನಲ್ಲಿ ಮೇಷ್ಟ್ರಾದ, ನಾಲ್ಕು ಊರು ಕರೆದು ಪ್ರವಚನ ಹೇಳಿಸುವಷ್ಟು ದೊಡ್ಡವನಾದ. ಅಕ್ಕನ ಬೆರಳುಗಳು ಬೆಳ್ಳಗೆ ನೆನೆದು ಬಿರಿದವು, ಮತ್ತೆ ಸರಿಹೋಗಲಿಲ್ಲ. ಯಂತ್ರದ ಸದ್ದಿನ ನಡುವೆ ಕೂಗಿ ಕೂಗಿ ಅವಳ ಮಾತೇ ಕೂಗಾಯಿತು.

ಈಗ ಅವಳಿಗೆ ಅರವತ್ತು ದಾಟಿದೆ. ಮನೆಗೆ ಗಣ್ಯರು ಬಂದರೆ ಸಾಕು, ಒಳಗಿನಿಂದ, "ಲೋ ಶಂಭು, ಅವ್ರು ಕಾಫಿ ಕುಡೀತಾರೇನೋ ಕೇಳೋ!" ಎಂದು ಅರಚುತ್ತಾಳೆ. ಬಿರಿದ ಕೈಯಲ್ಲೇ ಲೋಟ ತಂದು ಅವರ ಮುಂದೆ ಇಡುತ್ತಾಳೆ. ಶಂಭುಲಿಂಗನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸುತ್ತದೆ. ಮಠದ್ದೇ ಒಂದು ವೃದ್ಧಾಶ್ರಮವಿತ್ತು. ಅವತ್ತು ಬೆಳಿಗ್ಗೆ ಕಚೇರಿಯ ಗುಮಾಸ್ತನಿಂದ ಅರ್ಜಿ ಪಡೆದು, ಅಕ್ಕನ ಹೆಸರು ತುಂಬಿ, ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಗುರುಗಳ ರುಜು ಒಂದೇ ಬಾಕಿ.

ಇದ್ಯಾವುದನ್ನೂ ಅವನು ಹೇಳಲಿಲ್ಲ. ಪ್ರವಚನ ಹೇಳುವವರ ಅಭ್ಯಾಸವೇ ಹಾಗೆ, ಮನೆಯ ತಾಪತ್ರಯಕ್ಕೂ ತತ್ತ್ವದ ಶಾಲು ಹೊದಿಸಿ ತರುತ್ತಾರೆ.

ಗುರುಗಳು ಪೂರ್ವಾಶ್ರಮದಲ್ಲಿ ಐಟಿಐ ಕಲಿತವರು. ಮಠದ ಜೀಪು ನಿಂತುಹೋದರೆ ಈ ವಯಸ್ಸಿನಲ್ಲೂ ಕಾವಿ ಎತ್ತಿ ಕಟ್ಟಿ ಅದರ ಕೆಳಗೆ ತೂರುವವರು. ಶಿಷ್ಯನನ್ನೊಮ್ಮೆ ನೋಡಿದರು. ಆಮೇಲೆ ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ಮನುಷ್ಯನಿದ್ದ. ತಂದೆಯಿಂದ ಅವನಿಗೆ ಒಂದು ಹಳೆಯ ಕಾರು ಬಂದಿತ್ತು, ಬೇರೆ ಏನೂ ಬಂದಿರಲಿಲ್ಲ. ಉಪ್ಪುಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಕಾರು ತುಕ್ಕಿಗೆ ಬಿದ್ದಿತ್ತು. ಹೊರಗಿನದಕ್ಕೆ ಬಣ್ಣ ಬಳಿಯಬಹುದು. ಬಾನೆಟ್ಟನ್ನು ಹಿಡಿದು ನಿಲ್ಲಿಸುವ ಎರಡು ಕೀಲುಗಳದ್ದೇ ಚಿಂತೆ. ಆ ಜಾತಿಯ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಕೀಲು ಹೋದರೆ ಇನ್ನೊಂದು ಸಿಗುವ ಮಾತಿಲ್ಲ. ಕೀಲಿಲ್ಲದಿದ್ದರೆ ಅಪ್ಪನ ಕಾರು ಗುಜರಿಗೆ.

ಅವನು ಗುಜರಿ ಅಂಗಡಿಯ ಮುದುಕನ ಬಳಿಗೆ ಹೋದ. ಮುದುಕ ಅಂಗೈಯಗಲದ ಒಂದು ಸತುವಿನ ತಗಡು ಕೊಟ್ಟು, ಮನೆಯಲ್ಲೇ ಕೀಲಿಗೆ ಅದರ ಲೇಪ ಕೊಡುವ ಬಗೆ ಹೇಳಿದ. ಬಕೆಟ್ಟಿನಲ್ಲಿ ವಿನೆಗರು, ಅದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಭೇದಿ ಉಪ್ಪು. ಬ್ಯಾಟರಿಯ ಒಂದು ತಂತಿಗೆ ಸತು, ಇನ್ನೊಂದಕ್ಕೆ ಕಬ್ಬಿಣ. ಎರಡೂ ದ್ರಾವಣದಲ್ಲಿ ಮುಳುಗಿರಬೇಕು, ಒಂದನ್ನೊಂದು ಮುಟ್ಟಬಾರದು. "ಕಬ್ಬಿಣ ಚೊಕ್ಕ ಮಾಡಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ" ಎಂದೂ ಹೇಳಿ ಕಳಿಸಿದ.

ಮುಟ್ಟಬೇಡಿ ಎಂದದ್ದನ್ನು ಮುಟ್ಟದಿದ್ದರೆ ಅವನು ಮನುಷ್ಯನೇ? ತಿಕ್ಕಿ ತೊಳೆದ ಕೀಲು ಎಷ್ಟು ನುಣ್ಣಗಾಗಿದೆ ಎಂದು ಹೆಬ್ಬೆರಳಿನಿಂದ ಒಮ್ಮೆ ಸವರಿಯೇಬಿಟ್ಟ. ಲೇಪವೆಲ್ಲ ಕೂತಿತು, ಹೆಬ್ಬೆರಳ ಗುರುತಿನ ಮೇಲೆ ಮಾತ್ರ ಕೂರಲಿಲ್ಲ. ಕೈಯ ಅಷ್ಟು ಜಿಡ್ಡೇ ಸಾಕಾಗಿತ್ತು. ಅವನು ಎಲ್ಲವನ್ನೂ ಕೆರೆದು, ಮತ್ತೆ ತೊಳೆದು, ಈ ಸಲ ತಂತಿಯಲ್ಲಿ ತೂಗುಹಾಕಿ ಮುಳುಗಿಸಿದ.

ಬಚ್ಚಲುಮನೆಯಲ್ಲಿ ಮಣೆ ಹಾಕಿಕೊಂಡು ನೋಡುತ್ತ ಕುಳಿತ. ಬೆಂಕಿಯಿಲ್ಲ, ಸುತ್ತಿಗೆಯಿಲ್ಲ, ಸದ್ದಿಲ್ಲ. ಕಬ್ಬಿಣದ ಮೈಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು, ಅಷ್ಟೆ. ಸತು ಅಲ್ಲಿಂದ ಹೊರಟಿತು, ಇಲ್ಲಿಗೆ ಬಂದು ಕೂತಿತು. ನಡುವೆ ನೀರಿನಲ್ಲಿ ಅದು ಹೋದ ದಾರಿ ಕಾಣಲಿಲ್ಲ. ಎರಡು ಕೀಲೂ ಮುಗಿಯುವ ಹೊತ್ತಿಗೆ ತಗಡು ತೂತುತೂತಾಗಿತ್ತು. ಕೀಲುಗಳು ತೊಳೆದು ಒರೆಸಿದ ಬೆಳ್ಳಿ ಲೋಟದ ಹಾಗೆ ಹೊಳೆದವು. ಅವನು ತನಗೇ ತಿಳಿಯದೆ ಎದ್ದು ನಿಂತು ಕೈ ಮುಗಿದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು. "ದೇವರ ಕೋಣೆ ಆ ಕಡೆ ಉಂಟು. ಇದು ಬಕೆಟು."

ಕೀಲುಗಳನ್ನು ಕಾರಿಗೆ ಕೂರಿಸುವಾಗ ಬಲಗಡೆಯದರ ಮೇಲೆ ಸ್ಕ್ರೂಡ್ರೈವರು ಜಾರಿ ಗೀರು ಬಿತ್ತು. ಲೇಪ ಸೀಳಿ ಒಳಗಿನ ಕಬ್ಬಿಣ ಕಂಡಿತು. ಅವನಿಗೆ ಎರಡು ದಿನ ಊಟ ಸೇರಲಿಲ್ಲ. ತುಕ್ಕು ಬಂದರೆ ಅಲ್ಲಿಂದಲೇ ಬರುತ್ತದೆ ಎಂದು ಆ ಗೀರನ್ನೇ ನೋಡಿ ನೋಡಿ ಮರುಗಿದ.

ವರ್ಷ ಕಳೆಯಿತು. ಒಂದು ದಿನ ಬಾನೆಟ್ಟು ಎತ್ತಿ ನೋಡಿದರೆ, ಎರಡು ಕೀಲುಗಳ ಹೊಳಪೂ ಮಾಯವಾಗಿತ್ತು. ಮೇಲೆಲ್ಲ ಬಿಳಿ ಪುಡಿ ಎದ್ದಿತ್ತು. ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಅವನ ಪಿತ್ತ ನೆತ್ತಿಗೇರಿತು. ಕೈ ಮುಗಿದದ್ದು ಇದಕ್ಕೇನೆ? ಮುದುಕ ತನಗೆ ಚೆನ್ನಾಗಿ ಟೋಪಿ ಹಾಕಿದ ಎಂದುಕೊಂಡು ತಂತಿ ಬ್ರಷ್ ಹಿಡಿದು ಕುಳಿತ. ಎಡಗಡೆಯ ಕೀಲಿನ ಪುಡಿಯನ್ನೂ, ಪುಡಿಯ ಕೆಳಗೆ ಉಳಿದಿದ್ದ ಮಾಸಲು ಸತುವನ್ನೂ ಚೂರು ಬಿಡದೆ ಕೆರೆದ. ಕಬ್ಬಿಣ ಮಿಂಚಿತು. ಅವನಿಗೆ ತೃಪ್ತಿಯಾಯಿತು.

ಬಲಗಡೆಗೆ ಕೈ ಹಾಕಬೇಕು, ಅಷ್ಟರಲ್ಲಿ ಹೆಂಡತಿ ಗಂಜಿ ಆರುತ್ತದೆ ಎಂದು ಕರೆದಳು. ಉಂಡ ಮೇಲೆ ನಿದ್ದೆ ಬಂತು. ಮರುದಿನ ಮರೆತುಹೋಯಿತು. ಮನುಷ್ಯ ಉಳಿಸಿಕೊಂಡದ್ದರಲ್ಲಿ ಅರ್ಧ ಅವನ ಸೋಮಾರಿತನ ಉಳಿಸಿಕೊಟ್ಟದ್ದು.

ಎರಡು ಮಳೆಗಾಲ ಆದ ಮೇಲೆ ಒಂದು ಬೆಳಿಗ್ಗೆ ಅವನು ಬಾನೆಟ್ಟು ಎತ್ತಿದ. ಎಡಗಡೆಯ ಕೀಲು ಕಿರ್ರೆಂದು ಕೈಗೇ ಬಂತು. ಅದು ಕೆಂಪಾಗಿ, ಪದರ ಪದರ ಬಿಚ್ಚಿ, ಹಿಡಿದಲ್ಲೆಲ್ಲ ಉದುರುತ್ತಿತ್ತು. ಬಲಗಡೆಯದು ನೋಡಲು ಕುರೂಪ, ಮೈತುಂಬ ಬಿಳಿ ಪುಡಿ. ಆದರೆ ಗಟ್ಟಿಯಾಗಿತ್ತು. ಅವನು ಪುಡಿ ಒರೆಸಿ ಹಳೆಯ ಗೀರನ್ನು ಹುಡುಕಿದ. ಅಲ್ಲಿ ಕಬ್ಬಿಣ ಬತ್ತಲೆಯಾಗಿಯೇ ಇತ್ತು. ಒಂದು ಚುಕ್ಕೆ ತುಕ್ಕೂ ಇರಲಿಲ್ಲ.

ಅವನು ಬಲಗಡೆಯದನ್ನೂ ಬಿಚ್ಚಿ, ಎರಡನ್ನೂ ಗುಜರಿ ಅಂಗಡಿಗೆ ಒಯ್ದ. ಬೈಯಲೆಂದು ಹೋದವನು ಅವನ್ನು ಮುದುಕನ ಮುಂದೆ ಇಟ್ಟ.

ಮುದುಕ ಕೀಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. "ಪುಡಿ ಕಂಡು ಲೇಪ ಕೆಟ್ಟಿತು ಅಂದುಕೊಂಡ್ರಾ? ಕಬ್ಬಿಣವನ್ನ ತಿನ್ನಲಿಕ್ಕೆ ಬಂದ ಉಪ್ಪುಗಾಳಿಗೆ ಸತು ತನ್ನನ್ನೇ ಕೊಡ್ತಾ ಇತ್ತು. ಈ ಗೀರು ನೋಡಿ. ಇದರ ಮೇಲೆ ಸತು ಇಲ್ಲವೇ ಇಲ್ಲ. ಆದರೂ ಸುತ್ತ ಇರೋ ಸತು ಇದರ ಪಾಲಿನ ಏಟನ್ನೂ ತಾನೇ ತಗೊಂಡಿದೆ. ಹೊಳೀತಾ ಇದ್ದಾಗ ಅದಕ್ಕೆ ಕೆಲಸವೇ ಶುರುವಾಗಿರಲಿಲ್ಲ. ನೀವು ಕೆರೆದು ಹಾಕಿದ್ದು ಕೆಲಸ ಮಾಡ್ತಾ ಇದ್ದದ್ದನ್ನ."

ಅವನು ಆ ಗೀರನ್ನು ಹೆಬ್ಬೆರಳಿನಿಂದ ಸವರಿದ. ಅಂದು ಬಚ್ಚಲಿನಲ್ಲಿ ಕಂಡು ಬೆರಗಾದದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಎರಡನೆಯ ಸಲ ಕೈ ಮುಗಿದ. ಈ ಸಲ ಯಾರೂ ನಗಲಿಲ್ಲ. ಆದರೆ ಒಂದು ಕೀಲಿನ ಮೇಲೆ ಬಾನೆಟ್ಟು ನಿಲ್ಲುವುದಿಲ್ಲ. ಅಪ್ಪನ ಕಾರು ಮತ್ತೆ ರಸ್ತೆಗೆ ಇಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗನ ಕಣ್ಣು ತುಂಬಿ ಬಂದಿತ್ತು. ಒಂದು ಲೋಹ ತಾನು ಬೂದಿಯಾಗುತ್ತ ಇನ್ನೊಂದರ ಗಾಯ ಕಾಯುತ್ತದೆ ಎಂಬುದು ಅವನಿಗೆ ದೊಡ್ಡ ವಿಸ್ಮಯವಾಗಿ ಕಂಡಿತು. ಬರುವ ಸೋಮವಾರದ ಪ್ರವಚನಕ್ಕೆ ಇದೇ ಆಗಬಹುದು ಎಂದೂ ಒಂದು ಗಳಿಗೆ ಹೊಳೆಯಿತು. ಅವನ ಕೈ ಜೇಬಿನವರೆಗೆ ಹೋಗಿ, ಅರ್ಜಿಯನ್ನು ತಡವಿ, ಅಲ್ಲೇ ನಿಂತಿತು.

"ಎಂಥ ಕುರುಡ, ಬುದ್ಧಿ, ಆ ಮನುಷ್ಯ!" ಎಂದ. "ಕಾಯ್ತಾ ಇರೋದು ಯಾವುದು ಅಂತ ತಿಳೀದೆ, ತನ್ನ ಕೈಯಾರೆ ಕೆರೆದು ಹಾಕ್ದ. ಅವನಿಗೆ ಕ್ಷಮೆ ಉಂಟಾ?"

ಗುಮಾಸ್ತನಿಂದ ಬೆಳಿಗ್ಗೆಯೇ ಅರ್ಜಿಯ ಸುದ್ದಿ ಕೇಳಿದ್ದ ಗುರುಗಳು ಅವನ ಜೇಬಿನ ಕಡೆ ನೋಡಿದರು. ಇಷ್ಟು ವರ್ಷ ಅವನನ್ನು ಪೂರ್ತಿ ಹೆಸರಿನಿಂದಲೇ ಕರೆದವರು, ಅಂದು ಮನೆಯಲ್ಲಿ ಅಕ್ಕ ಕರೆಯುವ ಹಾಗೆ ಕರೆದರು.

"ಅವನಿಗೆ ಉಂಟು ಶಂಭು, ಅವನು ಹೊರಗೆ ನಿಂತು ನೋಡಿದವನು, ನೀನು ಕಬ್ಬಿಣ."